ಮೋಟುಗೋಡೆಯ ಅಳತೆ

ಮದುವೆಯಾಗಿ ನಾಲ್ಕು ತಿಂಗಳಾದ ಮೇಲೆ ಶೀತಲ ಅತ್ತೆಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಒಂದು ಮಾತು ಕೇಳಿದಳು. ಪಡಸಾಲೆಯ ಪೂರ್ವದ ಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಅಲಮಾರಿಯನ್ನು ಈಚೆ ಸರಿಸಿದರೆ ಅಲ್ಲಿ ತನ್ನ ಮೇಜು ಹಾಕಿಕೊಂಡು ಚಿತ್ರ ಬರೆಯಬಹುದಿತ್ತು.

"ಅಲ್ಲಿ ಬ್ಯಾಡ," ಅಂದರು ಮಾವ ಹಣಮಂತರಾಯರು, ರೊಟ್ಟಿ ಮುರಿಯುತ್ತ.

"ಯಾಕ್ರಿ ಮಾವಾ? ಅಲಮಾರಿ ಎಲ್ಲಿಟ್ರೂ ನಡೀತೈತಿ."

"ಬ್ಯಾಡ ಅಂದ್ರ ಬ್ಯಾಡ."

ಶೀತಲ ಗಂಡನ ಮುಖ ನೋಡಿದಳು. ಶರಣಕುಮಾರ ತಾಟಿನಿಂದ ಕಣ್ಣೆತ್ತಲಿಲ್ಲ. ಅತ್ತೆ ಬಸಲಿಂಗಮ್ಮ ಒಳಗಿನಿಂದ ಪುಂಡಿಪಲ್ಯದ ಬೋಗುಣಿ ತಂದು ಯಾರನ್ನೂ ಕೇಳದೆ ಎಲ್ಲರಿಗೂ ಒಂದೊಂದು ಸೌಟು ಹಾಕಿದಳು.

ಆ ಅಲಮಾರಿಯ ಹಿಂದೆ ಹನ್ನೊಂದು ವರ್ಷದ ಕೆಳಗೆ ಒಂದು ಬಾಗಿಲಿತ್ತು, ಬಾಗಿಲಾಚೆ ಬಾಲ್ಕನಿ. ನಾರಾಯಣಗೂಡದ ಆ ಹಳೇ ಕಟ್ಟಡದ ಮೂರನೇ ಮಹಡಿಯ ಬಾಲ್ಕನಿಯಿಂದ ಬಸಲಿಂಗಮ್ಮನ ಮಗಳು ಗುರುದೇವಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕೆಳಗೆ ಹೋದಳು. ಆಗ ಅವಳಿಗೆ ಹದಿನೇಳು. ಅವತ್ತು ಮುಂಜಾನೆಯಷ್ಟೇ ಇಂಟರ್ ಮೊದಲ ವರ್ಷದ ರಿಸಲ್ಟು ಬಂದಿತ್ತು. ಗಣಿತದ ಒಂದು ಪೇಪರಿನಲ್ಲಿ ಹತ್ತೊಂಬತ್ತು ಮಾರ್ಕ್ಸು. ಅರಿವೆ ತೆಗೆಯುವಾಗ ಕಾಲು ಜಾರಿತು ಎಂದು ಪೊಲೀಸರಿಗೆ ಬರೆಸಿದರು. ಲಿಂಗಸುಗೂರಿನ ನೆಂಟರಿಷ್ಟರಿಗೆ ಕಾಮಾಲೆಯಾಗಿ ಹೋದಳು ಅಂದರು. ದಿನಕರ್ಮ ಮುಗಿದ ಮರುದಿನವೇ ಹಣಮಂತರಾಯರು ಗೌಂಡಿಗಳನ್ನು ಕರೆಸಿ ಬಾಗಿಲು ಕೀಳಿಸಿ ಇಟ್ಟಿಗೆ ಕಟ್ಟಿಸಿದರು. ಗಿಲಾವು ಒಣಗುವ ಮೊದಲೇ ಅಲಮಾರಿ ತಂದು ಅಡ್ಡ ನಿಲ್ಲಿಸಿದರು. ಮನೆಯಲ್ಲಿ ಹುಡುಗಿಯ ಫೋಟೋ ಇಲ್ಲ. ಹೆಸರನ್ನು ಯಾರೂ ಎತ್ತುವುದಿಲ್ಲ. ಬಿದ್ದಳೋ ಹಾರಿದಳೋ ಎಂದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಒಂದು ದಿನವೂ ಕೇಳಿಕೊಂಡವರಲ್ಲ.

ಬಾಲ್ಕನಿ ಮಾತ್ರ ಗೋಡೆಯಾಚೆ ಹಾಗೇ ಉಳಿದಿತ್ತು. ಪಾರಿವಾಳಗಳು ಸಂಸಾರ ಹೂಡಿದ್ದವು. ಗಂಡಸರು ಕೆಲಸಕ್ಕೆ ಹೋಗಿ ಮನೆ ತಣ್ಣಗಾದಾಗ ಅಲಮಾರಿಯ ಹಿಂದಿನಿಂದ ಉಗುರು ಕೆರೆದ ಸಪ್ಪಳ ಬರುತ್ತಿತ್ತು. ಒಮ್ಮೊಮ್ಮೆ ಯಾರೋ ಗಂಟಲಲ್ಲೇ ಏನೋ ಹೇಳಿ ನುಂಗಿದ ಹಾಗೆ ಇರುತ್ತಿತ್ತು. ಬಂದ ಹೊಸದರಲ್ಲಿ ಶೀತಲ ಕೇಳಿದ್ದಕ್ಕೆ ಬಸಲಿಂಗಮ್ಮ "ಬಾಜೂ ಮನಿಯವರ ಬಾಲ್ಕನಿ ಐತಿ," ಅಂದಿದ್ದಳು.

ಶೀತಲ ಕಲಬುರಗಿಯಲ್ಲಿ ಚಿತ್ರಕಲೆ ಕಲಿತವಳು. ಮಾದಾಪುರದ ಒಂದು ಸಣ್ಣ ಕಂಪನಿ ಕೊರಿಯಾದಿಂದ ಕಾಮಿಕ್ಸಿನ ಕೆಲಸ ಹಿಡಿದು ತರುತ್ತಿತ್ತು. ಫೋನಿನಲ್ಲಿ ಬೆರಳಿಂದ ಮೇಲೆ ಮೇಲೆ ತಳ್ಳುತ್ತ ಓದುವ ಉದ್ದನೆಯ ಚಿತ್ರಕಥೆಗಳು. ಅದರಲ್ಲಿ ಮನೆ, ಬೀದಿ, ಮೆಟ್ಟಿಲು ಬರೆಯುವುದು ಇವಳ ಪಾಲಿನದು. ವಾರಕ್ಕೆ ಎರಡು ದಿನ ಮೆಟ್ರೋ ಹತ್ತಿ ಹೋಗಿಬರುವಳು, ಉಳಿದ ದಿನ ಮನೆಯಲ್ಲೇ ಕೆಲಸ. ಮೇಜಿಗೆ ಜಾಗ ಸಿಗದ್ದಕ್ಕೆ ಅತ್ತೆಯ ಹೊಲಿಗೆ ಮಷೀನಿನ ಪಕ್ಕ ಚಾಪೆ ಹಾಸಿ ಕೂತಳು. ಬಸಲಿಂಗಮ್ಮ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುವವಳು. ಹೀಗೆ ಮಧ್ಯಾಹ್ನವೆಲ್ಲ ಅತ್ತೆ ಸೊಸೆ ಒಂದೇ ಕಿಟಕಿಯ ಬೆಳಕಿನಲ್ಲಿ ಕೆಲಸ ಮಾಡುವ ರೂಢಿ ಬಿತ್ತು.

"ಇದೇನವಾ, ತತ್ತಿ ಬರದಂಗ ಬರದಿ?"

"ತಲಿ ಅತ್ತಿ. ಮೊದಲ ಒಂದು ದುಂಡಗ ತಗೀಬೇಕು. ಕೆಳಗ ಗದ್ದಕ್ಕ ಚೂಪು. ನಡುವ ಒಂದು ನಿಂತ ಗೆರಿ, ಒಂದು ಅಡ್ಡ ಗೆರಿ. ಅಡ್ಡ ಗೆರಿ ಮ್ಯಾಲ ಕಣ್ಣು ಕುಂಡ್ರತಾವ. ಜಪಾನದವ್ರ ಚಿತ್ರದಾಗ ಕಣ್ಣು ದೊಡ್ಡವು, ಅದಕ್ಕ ಗೆರಿ ಜರಾ ಕೆಳಗ ಇಳಿಸ್ತಾರ."

"ಮತ್ತ ಮೈ?"

"ಮೈನೂ ತಲಿ ಲೆಕ್ಕದಾಗ. ಸಣ್ಣ ಹುಡುಗರು ನಾಕು ತಲಿ ಎತ್ತರ. ನಮ್ಮಂಥವ್ರು ಆರು, ಆರೂವರಿ. ಕೊರಿಯಾದ ಹೀರೋ ಎಂಟು ತಲಿ."

ಬಸಲಿಂಗಮ್ಮ ನಕ್ಕಳು. "ಎಂಟು ತಲಿ ಎತ್ತರದವಗ ಅಂಗಿ ಹೊಲ್ಯಾಕ ನನ್ನ ಕಡಿ ಕೊಡಬ್ಯಾಡ. ಅರಿವಿ ಸಾಲಂಗಿಲ್ಲ."

ನಗು ಬಹಳ ದಿನ ನಡೆಯಲಿಲ್ಲ. ಶೀತಲ ಅಭ್ಯಾಸಕ್ಕೆ ಬರೆದ ತಲೆಗಳನ್ನು ಗೋಡೆಗೆ ಅಂಟಿಸತೊಡಗಿದಳು. ಈ ಕಡೆ ತಿರುಗಿದ್ದು, ಆ ಕಡೆ ತಿರುಗಿದ್ದು, ಬಗ್ಗಿದ್ದು, ಮೇಲೆ ನೋಡುವುದು. ಯಾವುದಕ್ಕೂ ಕಣ್ಣಿಲ್ಲ, ಮೂಗಿಲ್ಲ. ಬರೀ ದುಂಡಗಿನ ಮೇಲೆ ಎರಡು ಗೆರೆ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಲೆಕ್ಕ ಬರೆದು ಬಂದ ಹಣಮಂತರಾಯರು ಅವುಗಳ ಮುಂದೆ ನಿಂತರು.

"ಇವನ್ನ ತಗಿ. ಕಣ್ಣಿಲ್ಲದ ತಲಿ ಮನ್ಯಾಗ ಬ್ಯಾಡ."

"ಕಣ್ಣು ಬರೀಲೇನ್ರಿ ಮಾವಾ?"

"ಬರದ್ರ ಇನ್ನೂ ಬ್ಯಾಡ."

"ಎಲ್ಲಿ ಕುಂತು ಬರೀಲಿ ಹೇಳ್ರಿ. ಅಲಮಾರಿ ಸರಸಂಗಿಲ್ಲ, ಗ್ವಾಡಿಗೆ ಹಚ್ಚಂಗಿಲ್ಲ. ನನಗೂ ಇದು ಕೆಲಸ ಐತ್ರಿ, ಆಟ ಅಲ್ಲ."

"ಅಪ್ಪ ಹೇಳಿದಷ್ಟು ಮಾಡು ಶೀತಲ," ಅಂದ ಶರಣಕುಮಾರ, ಸಾಕ್ಸು ಬಿಚ್ಚುತ್ತ. ದಿಲ್‌ಸುಖ್‌ನಗರದ ಬೈಕ್ ಶೋರೂಮಿನಲ್ಲಿ ಗಿರಾಕಿಗಳ ಜಗಳ ಬಿಡಿಸಿ ಬಿಡಿಸಿ ಅವನಿಗೆ ಯಾರ ಜೊತೆಯೂ ವಾದ ಬೇಡವಾಗಿತ್ತು.

ಶೀತಲ ಕಾಗದಗಳನ್ನು ಕಿತ್ತು ಚಾಪೆಯ ಕೆಳಗೆ ಇಟ್ಟಳು. ಅವತ್ತು ಊಟದಲ್ಲಿ ಯಾರೂ ಮಜ್ಜಿಗೆ ಕೇಳಲಿಲ್ಲ.

ಹದಿನೈದು ದಿನದ ಮೇಲೆ ಅವಳಿಗೆ ಒಂದು ಹೊಸ ಕಥೆಯ ಕೆಲಸ ಬಂತು. ಕೊರಿಯಾದ ಸೋಲ್ ಪಟ್ಟಣದ ಹಳೇ ಮನೆಯೊಂದರ ಪಡಸಾಲೆ, ಅದನ್ನು ಹತ್ತು ಕಡೆಯಿಂದ ಬರೆಯಬೇಕು. ಕಣ್ಣೆದುರೇ ಒಂದು ಪಡಸಾಲೆ ಇರುವಾಗ ಬೇರೆ ಯಾಕೆ ಎಂದು ಅತ್ತೆಯ ಟೇಪು ಇಸಕೊಂಡು ನೆಲ ಅಳೆದಳು. ಕಾಗದದ ಮೇಲೆ ತನ್ನ ಕಣ್ಣಿನ ಮಟ್ಟಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ಚುಕ್ಕೆ ಇಟ್ಟಳು. ನೆಲಕ್ಕೆ ಹಾಸಿದ ಶಹಾಬಾದ್ ಫರಸಿಕಲ್ಲಿನ ಸಾಲುಗಳೆಲ್ಲ ಆ ಚುಕ್ಕೆಗೆ ಓಡತೊಡಗಿದವು.

"ಅತ್ತಿ, ಇಲ್ಲಿ ಒಂದು ಆಶ್ಚರ್ಯ ಐತಿ ನೋಡ್ರಿ. ಉಳದ ಕಡಿ ಫರಸಿ ಗ್ವಾಡಿಗೆ ಬಂದು ನಿಂತಾವ. ಈ ಅಲಮಾರಿ ತಳಗ ಮಾತ್ರ ಗ್ವಾಡಿ ಕೆಳಗ ಹೊಕ್ಕು ಮುಂದ ಹೋಗ್ಯಾವ."

ಬಸಲಿಂಗಮ್ಮ ಮಷೀನಿನ ಗಾಲಿ ತಿರುಗಿಸುತ್ತಲೇ ಇದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

ಕಥೆಯ ಮನೆಗೆ ಒಂದು ಬಾಲ್ಕನಿ ಬೇಕಾಗಿತ್ತು. ಶೀತಲ ಫರಸಿಯ ಗೆರೆಗಳ ಬೆನ್ನು ಹಿಡಿದು ಹೋಗಿ, ಅವು ಗೋಡೆಯೊಳಗೆ ಹೊಕ್ಕ ಜಾಗದಲ್ಲೇ ಬಾಗಿಲು ತೆರೆದಳು. ಚಹಾ ತಂದ ಬಸಲಿಂಗಮ್ಮ ಕಾಗದ ನೋಡಿದಳು. ಅಲಮಾರಿ ಇಲ್ಲ. ಬಾಗಿಲು ತೆರೆದಿದೆ. ಆಚೆ ಬಾಲ್ಕನಿ, ಬಿಸಿಲು, ಯಾರೂ ಇಲ್ಲ. ಹಿಂದೊಮ್ಮೆ ನೋಡಿಕೊಂಡು ಬರೆದ ಹಾಗೆ ಎಲ್ಲ ಇದ್ದಲ್ಲೇ ಇತ್ತು. ಅವಳು ಚಹಾದ ಕಪ್ಪನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. ಶೀತಲ ಫೋನು ಬಂದು ಒಳಗೆ ಹೋದಾಗ ಕಾಗದವನ್ನು ಮಡಚಿ ಮಷೀನಿನ ಪಕ್ಕದ ಅರಿವೆಯ ಗಂಟಿನಲ್ಲಿ ತುರುಕಿದಳು.

ಮರುದಿನ ಸಂಜೆ ಗುಂಡಿ ಹಚ್ಚಲು ಕೊಟ್ಟ ಅಂಗಿ ಹುಡುಕುತ್ತ ಹಣಮಂತರಾಯರು ಗಂಟು ಬಿಚ್ಚಿದರು. ಕಾಗದ ಅವರ ಕೈಗೆ ಸಿಕ್ಕಿತು. ಬಹಳ ಹೊತ್ತು ನೋಡಿದರು. ಆಮೇಲೆ ಎರಡಾಗಿ, ನಾಲ್ಕಾಗಿ ಹರಿದರು.

"ಇದನ್ನ ಯಾರು ಹೇಳಿ ಬರಿಸಿದ್ರು?"

"ಯಾರೂ ಇಲ್ರಿ. ಗೆರಿ ಹಂಗ ಹೋದ್ವು, ಬರದೆ," ಅಂದಳು ಶೀತಲ. "ನನ್ನ ಎರಡು ದಿನದ ಕೆಲಸ ಹರದ್ರಿ ನೀವು."

"ಬರಿಯೋದಿದ್ರ ನಿನ್ನ ಕಂಪನ್ಯಾಗ ಕುಂತು ಬರಿ. ಈ ಮನ್ಯಾಗ ಬ್ಯಾಡ."

"ಈ ಮನ್ಯಾಗ ಏನೈತಿ, ಅದನ್ನರ ಹೇಳ್ರಿ."

ಶರಣಕುಮಾರ ತೆಲುಗಿನಲ್ಲಿ ಯಾರಿಗೋ ಫೋನು ಹಚ್ಚಿಕೊಂಡು ಮೆಟ್ಟಿಲಿಳಿದು ಹೋದ.

ಮರುದಿನ ಗಂಡಸರು ಹೊರಟ ಮೇಲೆ ಬಸಲಿಂಗಮ್ಮ ಪುಂಡಿಸೊಪ್ಪು ಬಿಡಿಸುತ್ತ ಸೊಸೆಗೆ ಹೇಳಿದಳು. ಹುಡುಗಿಯ ಹೆಸರು ಹೇಳಿದಳು, ವಯಸ್ಸು ಹೇಳಿದಳು, ಬಾಲ್ಕನಿ ಬಾಜೂ ಮನೆಯವರದಲ್ಲ ಅಂದಳು. ಶೀತಲ ಸೊಪ್ಪಿನ ಕಟ್ಟು ಕೆಳಗಿಟ್ಟಳು.

"ನಮ್ಮ ಅಪ್ಪಗ ಕಾಮಾಲಿ ಅಂದಿದ್ರಿ."

"ಅಂದಿದ್ವಿ."

"ಖರೇ ಹೇಳಿದ್ರೂ ನಾ ಒಲ್ಲೆ ಅಂತಿದ್ದಿಲ್ರಿ ಅತ್ತಿ. ಸುಳ್ಳು ಹೇಳಿ ತಂದ್ರಿ."

ಬಸಲಿಂಗಮ್ಮ ಆ ಕಟ್ಟನ್ನೂ ಎತ್ತಿಕೊಂಡು ಬಿಡಿಸತೊಡಗಿದಳು. ಅವತ್ತಿನಿಂದ ಶೀತಲ ಗಂಡನ ಹತ್ತಿರ ಮಾತಾಡಲಿಲ್ಲ. ಅಡುಗೆ ಮಾಡುವಳು, ಬಡಿಸುವಳು, ಆ ವಾರ ಕಂಪನಿಗೆ ಐದೂ ದಿನ ಹೋದಳು. ಕೊರಿಯಾದ ಕಥೆಗೆ ಬೇರೆ ಯಾವುದೋ ಪಡಸಾಲೆ ಬರೆದು ಕಳಿಸಿಬಿಟ್ಟಳು. ಮನೆಯಲ್ಲಿ ಒಬ್ಬಳೇ ಉಳಿದ ಬಸಲಿಂಗಮ್ಮನಿಗೆ ಅಲಮಾರಿಯ ಹಿಂದಿನ ಸಪ್ಪಳ ಹೆಚ್ಚಾದ ಹಾಗೆ ತೋರಿತು. ಒಮ್ಮೆ ಅವಳು ಮಷೀನು ನಿಲ್ಲಿಸಿ, "ಏನ?" ಅಂದೇಬಿಟ್ಟಳು. ತನ್ನ ದನಿಗೆ ತಾನೇ ಹೆದರಿ ಎದ್ದು ರೇಡಿಯೋ ಹಚ್ಚಿದಳು.

ಎಂಟನೆಯ ದಿನ ಅವಳು ಟ್ರಂಕಿನ ತಳದಿಂದ ಹಳೇ ಅಳತೆ ವಹಿ ತೆಗೆದು ಸೊಸೆಯ ಮುಂದೆ ಇಟ್ಟಳು. ಕೈಗೆ ಒಂದು ಪುಟ ತೆರೆದುಕೊಟ್ಟಳು. ಗುರುದೇವಿಯ ಕಾಲೇಜಿನ ಪಂಜಾಬಿ ಡ್ರೆಸ್ಸಿಗೆ ತೆಗೆದ ಅಳತೆ. ಎತ್ತರ ಅರವತ್ತೊಂದು ಇಂಚು. ಸೊಂಟದಿಂದ ಹಿಮ್ಮಡಿ ಮೂವತ್ತೆಂಟು. ಎಡಭುಜ ಅರ್ಧ ಇಂಚು ಇಳುವು.

"ನೀ ತಲಿ ಲೆಕ್ಕದಾಗ ಮೈ ಬರೀತೀ ಅಲಾ. ಇಕಿನ್ನ ಬರಿ. ಬಾಲ್ಕನಿ ಅಂಚಿನ ಆ ಮೋಟುಗೋಡಿ ಬಾಜೂಕ ನಿಂದ್ರಿಸು."

"ಯಾಕ್ರಿ ಅತ್ತಿ?"

"ಬೀಳಾಕ ಸಾಧ್ಯ ಇತ್ತೋ ಇಲ್ಲೋ ನೋಡಬೇಕು. ಯಾರನ್ನ ಕೇಳ್ಲಿ ನಾ?"

ಶೀತಲ ಬೇಡ ಅನ್ನಲಿಲ್ಲ. ಮೂರು ಮಧ್ಯಾಹ್ನ ಹಿಡಿಯಿತು. ಕಣ್ಣಿನ ಮಟ್ಟದ ಗೆರೆ, ಅದರ ಮೇಲೆ ಚುಕ್ಕೆ, ಬಾಲ್ಕನಿಯ ನೆಲ, ಮೋಟುಗೋಡೆ. ಆಮೇಲೆ ಆರೂವರೆ ತಲೆಯ ಎತ್ತರ ಭಾಗ ಮಾಡಿಕೊಂಡು, ದುಂಡು, ಚೌಕ, ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಹುಡುಗಿಯನ್ನು ನಿಲ್ಲಿಸಿದಳು. ಮುಖ ಬರೆಯಲಿಲ್ಲ. ಎಡಭುಜ ಚೂರು ಇಳಿಸಿದಳು. ಅಷ್ಟರಲ್ಲಿ ಶರಣಕುಮಾರ ಶೋರೂಮಿನಿಂದ ಬೇಗ ಬಂದ. ಬೂಟು ಬಿಚ್ಚಲು ಬಗ್ಗಿದವನು ಚಾಪೆಯ ಕಡೆ ನೋಡಿ ಹಾಗೇ ನಿಂತ.

"ಗುರುದೇವಿ ನಿಂತಂಗ ನಿಂತಾಳ," ಅಂದ. ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಳದ ನೀರು ಬಹಳ ಹೊತ್ತು ಸುರಿಯಿತು. ಶೀತಲ ಹೋಗಿ ಬಾಗಿಲ ಹೊರಗೆ ನಿಂತು, "ಚಹಾ ಇಟ್ಟೀನಿ, ಬರ್ರಿ," ಅಂದಳು. ಹತ್ತು ದಿನದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

ಬಸಲಿಂಗಮ್ಮ ಚಿತ್ರವನ್ನು ಕಿಟಕಿಗೆ ಹಿಡಿದಳು. ಮೋಟುಗೋಡೆ ಹುಡುಗಿಯ ತೊಡೆಯ ಮಟ್ಟಕ್ಕಿತ್ತು. ಇಂಥ ಗೋಡೆಯ ಮೇಲೆ ಬಗ್ಗಿದರೆ ಯಾರಾದರೂ ಬೀಳುತ್ತಾರೆ. ಅವಳ ಎದೆ ಹಗುರಾಯಿತು, ಆದರೆ ಕೈ ತಾನೇ ಟೇಪಿನ ಕಡೆ ಹೋಯಿತು. ನಲವತ್ತು ವರ್ಷ ಅಳತೆ ಹಿಡಿದ ಕೈ ಅದು.

"ಈ ಗ್ವಾಡಿ ಎಷ್ಟು ಎತ್ತರ ಇಟ್ಟಿ?"

"ಮೂರು ತಲಿ ಮಟ್ಟ. ಅಂದಾಜು."

"ನಾ ಅದರ ಮ್ಯಾಲ ಗಾದಿ ಒಣಾಕ ಹಾಕ್ತಿದ್ದೆ. ಎರಡೂ ಕೈ ಎತ್ತಿ ಹಾಕ್ತಿದ್ದೆ. ಇಲ್ಲಿಗೆ ಬರ್ತಿತ್ತು." ಅವಳು ಎದೆಯ ಕೆಳಗೆ ಕೈಯಿಟ್ಟು ತೋರಿಸಿದಳು. "ಮೂರೂವರಿ ಫೂಟು. ಆಕಿ ಸೊಂಟಕ್ಕಿಂತ ನಾಕು ಇಂಚು ಮ್ಯಾಲ."

ಶೀತಲ ತಲೆ ತಗ್ಗಿಸಿದಳು. "ಕೆಳಗ ಓಣ್ಯಾಗ ನಿಂತು ನೋಡಿ ಲೆಕ್ಕ ಹಾಕಿದ್ದೆ ಅತ್ತಿ. ನಾಕೂವರಿ ತಲಿ ಬಂತು. ಬರೀಲಿಕ್ಕೆ ಕೈ ಏಳಲಿಲ್ಲ."

"ಇದ್ದಂಗ ಬರಿ."

ಶೀತಲ ಬೇರೆ ಕಾಗದದಲ್ಲಿ ಇದ್ದ ಹಾಗೆ ಬರೆದಳು. ಗೋಡೆ ಹುಡುಗಿಯ ಎದೆಯ ಹತ್ತಿರಕ್ಕೆ ಬಂತು. ಅಷ್ಟೆತ್ತರದ ಗೋಡೆಯಿಂದ ಯಾರೂ ಜಾರಿ ಬೀಳುವುದಿಲ್ಲ. ಬಸಲಿಂಗಮ್ಮ ಅದನ್ನು ಒಮ್ಮೆ ನೋಡಿ ವಹಿಯೊಳಗೆ ಇಟ್ಟಳು.

ಮರುದಿನ ಗಂಡನಿಗೆ ತೋರಿಸಲು ಅವಳು ತೆಗೆದುಕೊಂಡದ್ದು ಮೊದಲಿನ ಚಿತ್ರವನ್ನು. ಅವರೊಬ್ಬರಾದರೂ ಹಗುರಾಗಲಿ ಎಂದು. ರಾತ್ರಿ ಅಂಗಡಿಯಿಂದ ಬಂದು ಊಟಕ್ಕೆ ಕೂತ ಹಣಮಂತರಾಯರ ತಾಟಿನ ಪಕ್ಕ ಇಟ್ಟಳು.

"ಗ್ವಾಡಿ ಗಿಡ್ಡ ಇತ್ತು ನೋಡ್ರಿ. ಬಗ್ಗಿದಾಕಿ ಬಿದ್ದಾಳ."

ಅವರು ಹರಿಯಲಿಲ್ಲ. ತುತ್ತು ಕೈಯಲ್ಲೇ ಇತ್ತು. "ಗ್ವಾಡಿ ಇಷ್ಟು ಕೆಳಗ ಇದ್ದಿಲ್ಲ," ಅಂದರು. "ಇಟ್ಟಂಗಿ ಕಟ್ಟಿಸೋ ಮೊದಲ ಅದರ ಅಳತಿನೂ ನಾನ ತಗೊಂಡಿದ್ದೆ. ಮೂರೂವರಿ ಫೂಟು. ನನಗ ಹನ್ನೊಂದು ವರ್ಷದಿಂದ ಗೊತ್ತೈತಿ, ಬಿದ್ದಿಲ್ಲ ಅಂತ. ಮುಂಜಾನಿ ನಾ ಬೈದು ಹೋದೆ. ಅದ ಕಡೀ ಮಾತಾತು."

ಬಸಲಿಂಗಮ್ಮ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಅದು ಕಡೀ ಮಾತಲ್ರಿ."

ಅವರು ನೋಡಿದರು.

"ಮಧ್ಯಾಹ್ನ ಅಡಗಿಮನಿ ಬಾಗಲಾಗ ಬಂದು ನಿಂತ್ಲು. ಅವ್ವಾ, ಹಸಿವಾಗೇತಿ ಅಂದ್ಲು. ನಾ ರೊಟ್ಟಿ ತಿರುವಾಕತ್ತಿದ್ದೆ. ಹತ್ತೊಂಬತ್ತು ಮಾರ್ಕ್ಸ್ ತಗೊಂಡಾಕಿಗೆ ರೊಟ್ಟಿ ಯಾಕ, ಮಾರ್ಕ್ಸ್ ತಿನ್ನು ಹೋಗು ಅಂದೆ. ಹೋದ್ಲು."

"ಇದನ್ನ ನನಗ ಹೇಳಿದ್ದಿಲ್ಲ."

"ಹೇಳಿದ್ದಿಲ್ರಿ."

"ಹನ್ನೊಂದು ವರ್ಷ."

"ಹೌದ್ರಿ."

ಹಣಮಂತರಾಯರು ತುತ್ತನ್ನು ತಾಟಿಗೆ ಹಾಕಿ ಕೈ ತೊಳೆದು ಎದ್ದರು. ಮೂರು ದಿನ ಅವರು ಹೆಂಡತಿಯ ಕೈಯಿಂದ ಒಂದು ಲೋಟ ನೀರು ಇಸಕೊಳ್ಳಲಿಲ್ಲ. ಶೀತಲ ಬಡಿಸಿದರೆ ಉಣ್ಣುವರು, ಇಲ್ಲದಿದ್ದರೆ ಇಲ್ಲ. ಶರಣಕುಮಾರ ಅಪ್ಪನ ಹತ್ತಿರ ಹೋಗಿ, "ಅವ್ವ ಉಂಡಿಲ್ಲ, ಎರಡು ದಿನಾತು," ಅಂದ. "ಹೂಂ," ಅಂದರು ಅವರು.

ಭಾನುವಾರ ಅಂಗಡಿಗೆ ರಜೆ. ಬಸಲಿಂಗಮ್ಮ ಮಷೀನಿನ ಮುಂದೆ ಕೂತಿದ್ದಳು, ಶೀತಲ ಚಾಪೆಯ ಮೇಲೆ. ಹಣಮಂತರಾಯರು ಕುರ್ಚಿ ಎಳೆದುಕೊಂಡು ಬಂದು ಸೊಸೆಯ ಪಕ್ಕ ಕೂತರು. ಖರೇ ಅಳತೆಯ ಚಿತ್ರ ಕೊಡು ಅಂದರು. ಕೊಟ್ಟಳು. ಅದನ್ನು ಮೊಣಕಾಲ ಮೇಲಿಟ್ಟುಕೊಂಡು, ಹೆಂಡತಿಯ ಕಡೆ ತಿರುಗದೆ ಕೇಳಿದರು.

"ಹೋಗುವಾಗ ಏನರ ಅಂದ್ಲೇನು?"

"ಅರಿವಿ ತಗೊಂಡು ಬರ್ತೀನಿ ಅಂದ್ಲು."

"ಪೊಲೀಸರ ಮುಂದ ನಾವು ಅದನ್ನ ಹೇಳಿದ್ವಲ್ಲ. ಅದು ಖರೇನ?"

"ಅಂದದ್ದು ಖರೇ ರಿ. ಆದ್ರ ತಗ್ಯಾಕಂತ ಹೋದ್ಲೋ ನನ್ನ ಮ್ಯಾಲಿನ ಸಿಟ್ಟಿಗೆ ಹೋದ್ಲೋ."

"ತಂತಿ ಎಲ್ಲಿತ್ರಿ ಅತ್ತಿ?" ಎಂದಳು ಶೀತಲ, ಪೆನ್ಸಿಲು ತೆಗೆದುಕೊಳ್ಳುತ್ತ.

"ಮೋಟುಗೋಡಿ ಆಚೆ. ಎರಡು ಸಲಾಕಿಗೆ ಕಟ್ಟಿತ್ತು."

"ಮೂರೂವರಿ ಫೂಟಿನ ಗ್ವಾಡಿ ದಾಟಿ ಕೈ ಹೆಂಗ ನಿಲಕಬೇಕು?"

"ಬಕೀಟು ಬೋರಲ ಹಾಕಿ ಅದರ ಮ್ಯಾಲ ನಿಂದ್ರತಿದ್ವಿ. ನಾನೂ ಅಷ್ಟ, ಆಕಿನೂ ಅಷ್ಟ. ಆದ್ರ ಅವತ್ತು ಬಕೀಟು ಬಚ್ಚಲದಾಗಿತ್ತು. ಮುಂಜಾನಿ ನಾನ ಒಳಗ ಒಯ್ದಿದ್ದೆ."

ಹಣಮಂತರಾಯರ ಕೈ ಕಾಗದದ ಮೇಲೆ ನಿಂತಿತು.

"ಬಚ್ಚಲದಾಗ ಇದ್ದಿಲ್ಲ," ಅಂದರು.

ಮಷೀನಿನ ಸಪ್ಪಳ ನಿಂತಿತು.

"ನೀ ಕೆಳಗ ಓಡಿದ್ದಿ. ಸುದ್ದಿ ತಿಳಿದು ನಾ ಬಂದಾಗ ಮ್ಯಾಲ ಯಾರೂ ಇದ್ದಿಲ್ಲ. ಬಕೀಟು ಬಾಲ್ಕನ್ಯಾಗ ಬೋರಲ ಇತ್ತು. ಗ್ವಾಡಿ ಹತ್ತಿ ಹಾರಾಕ ಇಟ್ಕೊಂಡಾಳ ಅಂತ ತಿಳಕೊಂಡೆ. ಪೊಲೀಸರು ಬರೋ ಮೊದಲ ಒಳಗ ತಂದೆ. ಆಮ್ಯಾಲ ಗೌಂಡಿಗಳಿಗೆ ಸಿಮೆಂಟ್ ಕಲಸಾಕ ಕೊಟ್ಟೆ. ಹಗಲೊತ್ತು ನಾ ಮನ್ಯಾಗ ಎಂದರ ಇದ್ದೀನೇ? ನೀವು ಅದರ ಮ್ಯಾಲ ನಿಂತು ಅರಿವಿ ತಗೀತೀರಿ ಅಂತ ನನಗೇನು ಗೊತ್ತು."

ಶೀತಲ ಹುಡುಗಿಯ ಕಾಲ ಕೆಳಗೆ ಬಕೀಟು ಬರೆದಳು. ಬಕೀಟಿನ ಎತ್ತರಕ್ಕೆ ಇಡೀ ಮೈಯನ್ನು ಮೇಲೆ ಸರಿಸಿ ಮತ್ತೆ ತಲೆಯ ಲೆಕ್ಕ ಹಾಕಿದಳು. ಗೋಡೆ ಈಗ ತೊಡೆಯ ಮಟ್ಟಕ್ಕೆ ಬಂತು, ಅವಳು ಮೊದಲು ಸುಳ್ಳು ಬರೆದಿದ್ದ ಜಾಗಕ್ಕೆ ಹೆಚ್ಚುಕಡಿಮೆ ಸರಿಯಾಗಿ. ಒಂದು ಕೈಯನ್ನು ತಂತಿಯ ಕಡೆ ಚಾಚಿಸಿದಳು. ಬಿಡಿಸಿ ಮಾವನ ಕೈಗೆ ಕೊಟ್ಟಳು.

"ಇಷ್ಟ ರಿ ಮಾವಾ. ಇದರ ಮುಂದಿಂದು ನಂಗ ಬರಿಯಾಕ ಬರಂಗಿಲ್ಲ."

ಬಸಲಿಂಗಮ್ಮ ಎದ್ದು ಬಂದು ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಇಬ್ಬರೂ ಒಂದೇ ಕಾಗದ ನೋಡಿದರು. ಗೋಡೆಯಾಚೆ ಪಾರಿವಾಳವೊಂದು ರೆಕ್ಕೆ ಬಡಿದು ಸುಮ್ಮನಾಯಿತು.

"ನೀವು ಬಂದಾಗ ತಂತಿ ಮ್ಯಾಲ ಅರಿವಿ ಇನ್ನೂ ಇದ್ವೇನ್ರಿ?" ಬಸಲಿಂಗಮ್ಮ ಕೇಳಿದಳು.

"ನೋಡ್ಲಿಲ್ಲ."

"ಹಂಗಾದ್ರ ಬಿದ್ದಾಳೇನ್ರಿ?"

ಹಣಮಂತರಾಯರು ಚಿತ್ರದಲ್ಲಿನ ಬಕೀಟಿನ ಮೇಲೆ ಬೆರಳಿಟ್ಟರು.

"ಗೊತ್ತಿಲ್ಲ," ಅಂದರು. ಆಮೇಲೆ, ಮೂರು ದಿನದ ಮೇಲೆ ಮೊದಲ ಸಲ ಅವಳ ಮುಖ ನೋಡಿ, "ನಿನಗ?" ಅಂದರು.

"ನನಗೂ ಗೊತ್ತಿಲ್ರಿ."